ಮೊದಲು ಒರೆಸಬೇಡಿ: ಶಿಲ್ಪಿ ಹೋದ ಮೇಲೆ ಅವರ ಕೆಲಸವನ್ನು ಉಳಿಸಿಕೊಳ್ಳುವುದು ಹೇಗೆ?

ಅಪ್ಪ ತೀರಿಕೊಂಡ ಹನ್ನೊಂದನೇ ದಿನ. ಮನೆ ತುಂಬ ನೆಂಟರು. ಹಿತ್ತಲಿನ ಶೆಡ್ಡಿನಲ್ಲಿ ಅರ್ಧ ಕೆತ್ತಿದ ಬಳಪದ ಕಲ್ಲೊಂದು ನಿಂತಿತ್ತು. ಕೂತ ಹೆಂಗಸು. ತಲೆ, ಹೆಗಲು, ಬೆನ್ನು ಮುಗಿದಿತ್ತು. ಕೈಗಳು ಮಾತ್ರ ಬಾಕಿ. ಅವು ಎಲ್ಲಿ ಬರಬೇಕು ಅಂತ ಅಪ್ಪ ಜಾಜಿನಲ್ಲಿ, ಅಂದರೆ ಕೆಮ್ಮಣ್ಣಿನಲ್ಲಿ, ಕೆಂಪು ಗೆರೆ ಎಳೆದಿಟ್ಟಿದ್ದರು. ಬಂದವರ ಕಣ್ಣಿಗೆ ಶೆಡ್ ಗಲೀಜಾಗಿ ಕಾಣಬಾರದು ಎಂದು ನಮ್ಮವರೇ ಒಬ್ಬರು ಒದ್ದೆ ಬಟ್ಟೆ ತಂದು ಕಲ್ಲನ್ನು ಚೆನ್ನಾಗಿ ಒರೆಸಿದರು. ಧೂಳು ಹೋಯಿತು. ಗೆರೆಯೂ ಹೋಯಿತು. ಆ ಹೆಂಗಸು ಕೈಯನ್ನು ಮಡಿಲಲ್ಲಿ ಇಟ್ಟುಕೊಳ್ಳಬೇಕಿತ್ತಾ, ಗಲ್ಲಕ್ಕೆ ಊರಬೇಕಿತ್ತಾ ಎಂದು ಹೇಳುವವರು ಈಗ ಯಾರೂ ಇಲ್ಲ.

ಒರೆಸಿದವರ ಮೇಲೆ ನನಗೆ ಸಿಟ್ಟಿಲ್ಲ. ಪ್ರೀತಿಯಿಂದಲೇ ಮಾಡಿದರು. ಶಿಲ್ಪಿಯ ಮನೆಯಲ್ಲಿ ಕಳ್ಳರಿಗಿಂತ, ಗೆದ್ದಲಿಗಿಂತ ಜಾಸ್ತಿ ಹಾಳು ಮಾಡುವುದು ಹೀಗೆ ಅಕ್ಕರೆಯಿಂದ ಮಾಡಿದ ಕೆಲಸವೇ. ನಿಮ್ಮ ಮನೆಯಲ್ಲಿ ಅದು ಆಗಬಾರದು ಎಂದು, ಈ ಕೆಲವು ವರ್ಷಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಮೊದಲ ತಿಂಗಳು: ಇದ್ದದ್ದು ಇದ್ದ ಹಾಗೇ ಇರಲಿ

ಕೆಲಸದ ಜಾಗಕ್ಕೆ ಬೀಗ ಹಾಕಿ. ಕೀಲಿ ಒಬ್ಬರ ಹತ್ತಿರವೇ ಇರಲಿ. ಗುಡಿಸುವುದು, ಒರೆಸುವುದು, ಜೋಡಿಸುವುದು ಯಾವುದೂ ಬೇಡ.

ಒಳಗೆ ಹೋದಾಗ ಮೊದಲು ಮಾಡಬೇಕಾದದ್ದು ಫೋಟೊ. ನಾಲ್ಕು ಮೂಲೆಯಿಂದ ನಾಲ್ಕು, ಆಮೇಲೆ ಗೋಡೆಯ ಪಕ್ಕದಲ್ಲೇ ನಿಧಾನವಾಗಿ ನಡೆಯುತ್ತಾ ಒಂದು ವಿಡಿಯೊ. ಯಾವ ಉಳಿ ಯಾವ ಕಲ್ಲಿನ ಪಕ್ಕ ಇತ್ತು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಏನು ಲೆಕ್ಕ ಬರೆದಿದ್ದರು, ಯಾವ ಶಿಲ್ಪ ಯಾವುದರ ಎದುರಿಗಿತ್ತು, ಎಲ್ಲವೂ ಬೇಕು. ಪ್ಯಾರಿಸ್ಸಿನಲ್ಲಿ ಬ್ರಾಂಕೂಸಿ ಎಂಬ ದೊಡ್ಡ ಶಿಲ್ಪಿ ಇದ್ದರು. ಕೃತಿಗಳನ್ನು ಇಟ್ಟ ರೀತಿಯೂ ಅವರಿಗೆ ಶಿಲ್ಪವೇ ಆಗಿತ್ತು. ಒಂದು ಮಾರಾಟವಾದರೆ ಅದೇ ಜಾಗಕ್ಕೆ ಅದರ ಪ್ಲಾಸ್ಟರ್ ನಕಲನ್ನು ಇಡುತ್ತಿದ್ದರಂತೆ. 1957ರಲ್ಲಿ ತೀರಿಕೊಳ್ಳುವ ಮುಂಚೆಯೇ, ಇಡೀ ಕೆಲಸದ ಮನೆ ಇದ್ದ ಹಾಗೇ ಉಳಿಯಬೇಕು ಎಂಬ ಷರತ್ತಿನ ಮೇಲೆ ಅದನ್ನು ಫ್ರಾನ್ಸ್ ಸರ್ಕಾರಕ್ಕೆ ಬರೆದುಕೊಟ್ಟರು. ನಮ್ಮಿಂದ ಅಷ್ಟು ಆಗದಿರಬಹುದು. ಫೋಟೊ ತೆಗೆಯುವುದು ಆಗುತ್ತದೆ, ಅಲ್ವಾ?

ಎರಡು ವಿಷಯಕ್ಕೆ ಮಾತ್ರ ತಡ ಮಾಡಬೇಡಿ. ಒಂದು, ಹಸಿ ಜೇಡಿಮಣ್ಣಿನ ಮಾದರಿ. ಪ್ಲಾಸ್ಟಿಕ್ ಸುತ್ತಿಟ್ಟ ಮಣ್ಣಿನ ಆಕೃತಿ ಇದ್ದರೆ ಒಣಗಿ ಬಿರುಕು ಬಿಡುತ್ತದೆ. ನೀರನ್ನು ಸ್ಪ್ರೇ ಮಾಡಿ ಮತ್ತೆ ಮುಚ್ಚಿ, ಅವರ ಜೊತೆ ಅಚ್ಚು ತೆಗೆಯುತ್ತಿದ್ದವರನ್ನು ಅವತ್ತೇ ಕರೆಸಿ. ಇನ್ನೊಂದು, ಫೈಬರ್ ಕೆಲಸದ ರಾಸಾಯನಿಕಗಳು. ಗಟ್ಟಿಯಾಗಿಸಲು ಹಾಕುವ ಕ್ಯಾಟಲಿಸ್ಟ್ ಮತ್ತು ಕೋಬಾಲ್ಟ್ ಎರಡೂ ನೇರವಾಗಿ ಬೆರೆತರೆ ಬೆಂಕಿ ಹೊತ್ತುಕೊಳ್ಳಬಹುದು, ಸಿಡಿಯಲೂಬಹುದು. ಬೇರೆ ಬೇರೆ ಜಾಗದಲ್ಲಿಡಿ. ಹಳೇ ಬಾಟಲಿಗಳನ್ನು ಒಂದಕ್ಕೊಂದು ಸುರಿಯಬೇಡಿ.

2. ಪಟ್ಟಿ

ಈ ಇಡೀ ಕೆಲಸಕ್ಕೆ ಬೆನ್ನೆಲುಬು ಇದೇ. ಬೇರೆ ಯಾವುದನ್ನೂ ಮಾಡಲು ಆಗದಿದ್ದರೂ ಇದನ್ನು ಮಾಡಿ.

ಒಂದು ದಪ್ಪ ನೋಟ್‌ಬುಕ್ ತನ್ನಿ. ಕಂಪ್ಯೂಟರಿನಲ್ಲಿ ಎಕ್ಸೆಲ್ ಆಮೇಲೆ. ಮನೆಯಲ್ಲಿರುವ ಒಂದೊಂದು ಕೃತಿಗೂ ಒಂದೊಂದು ಪುಟ, ಒಂದೊಂದು ನಂಬರ್. ಸುಮ್ನೆ 1, 2, 3 ಸಾಕು. ಬರೆಯಬೇಕಾದದ್ದು: ಏನು, ಯಾವುದರಲ್ಲಿ ಮಾಡಿದ್ದು, ಎತ್ತರ, ಅಗಲ, ದಪ್ಪ ಸೆಂಟಿಮೀಟರಿನಲ್ಲಿ, ಮಾಡಿದ ವರ್ಷ, ಸಹಿ ಎಲ್ಲಿದೆ, ಎಲ್ಲಿ ಒಡೆದಿದೆ, ಈಗ ಎಲ್ಲಿ ಇಟ್ಟಿದೆ. ವರ್ಷ ಗೊತ್ತಿಲ್ಲದಿದ್ದರೆ ಊಹೆಯನ್ನು ನಿಜ ಎಂಬಂತೆ ಬರೆಯಬೇಡಿ. 'ಅಂದಾಜು, ತಂಗಿ ಹುಟ್ಟುವ ಮುಂಚೆ' ಎಂದು ಬರೆದರೂ ಮುಂದೆ ಯಾರಿಗಾದರೂ ದಾರಿ ಸಿಗುತ್ತದೆ.

ನನ್ನ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ: '27. ಕೂತ ಹೆಂಗಸು, ಮುಗಿದಿಲ್ಲ. ಬಳಪದ ಕಲ್ಲು. 61 × 34 × 30. ಸಹಿ ಇಲ್ಲ. ಎಡಗಿವಿಯ ಹಿಂದೆ ಹಲ್ಲುಳಿ ಗುರುತು. ಕೈಗಳಿಗೆ ಜಾಜಿನ ಗೆರೆ ಇತ್ತು, ಒರೆಸಿ ಹೋಗಿದೆ. ಅಪ್ಪನ ಕೊನೆಯ ಕೆಲಸ.'

ಫೋಟೊ ಪ್ರತಿಯೊಂದಕ್ಕೂ ಕನಿಷ್ಠ ಆರು: ನಾಲ್ಕು ದಿಕ್ಕು, ಸಹಿ, ಒಡೆದ ಜಾಗ. ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ. ಹಿಂದೆ ಬೂದು ಬಣ್ಣದ ಬಟ್ಟೆ. ಫ್ಲಾಶ್ ಬೇಡ. ಅದರಲ್ಲಿ ಉಬ್ಬುತಗ್ಗೆಲ್ಲ ಚಪ್ಪಟೆಯಾಗಿ ಕಾಣುತ್ತದೆ. ಕಿಟಕಿಯ ಬೆಳಕು ಪಕ್ಕದಿಂದ ಬೀಳಲಿ. ಸಂಜೆ ಕತ್ತಲಾದ ಮೇಲೆ ಒಂದು ಟಾರ್ಚನ್ನು, ಬೆಳಕು ಕಲ್ಲನ್ನು ಸವರಿಕೊಂಡು ಹೋಗುವ ಹಾಗೆ ಓರೆಯಾಗಿ ಹಿಡಿದು ನೋಡಿ. ಹಗಲಲ್ಲಿ ಕಾಣದ ಉಳಿಯ ಗುರುತುಗಳು ಒಂದೊಂದಾಗಿ ಎದ್ದು ಬರುತ್ತವೆ. ಅಪ್ಪ ಎಲ್ಲಿ ಆತುರಪಟ್ಟರು, ಎಲ್ಲಿ ಹತ್ತು ಸಲ ತಡೆದು ತಡೆದು ಹೊಡೆದರು ಎಂಬುದನ್ನು ನಾನು ನೋಡಿದ್ದು ಹಾಗೆಯೇ.

ಸಹಿಯನ್ನು ಹುಡುಕುವಾಗ ಪೀಠದ ಅಡಿ, ಬೆನ್ನು, ಬಟ್ಟೆಯ ಮಡಿಕೆ ಎಲ್ಲ ಕಡೆ ನೋಡಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಹೆಸರು ಕೆತ್ತಿದ್ದರಿಂದಲೇ ಅವರು ನಮಗೆ ಇವತ್ತಿಗೂ ಗೊತ್ತು. ಆದರೆ ಸಹಿ ಇಲ್ಲದ ಕೃತಿಗೆ ನೀವು ಸಹಿ ಹಾಕಿಸಬೇಡಿ. ಒಂದು ಸುಳ್ಳು ಸಹಿ ಸಿಕ್ಕಿದರೆ ಉಳಿದ ನಿಜವಾದ ಸಹಿಗಳ ಮೇಲೂ ಅನುಮಾನ ಬರುತ್ತದೆ.

ನಂಬರನ್ನು ಕೃತಿಯ ಮೇಲೆ ಮಾರ್ಕರಿನಲ್ಲಿ ಬರೆಯಬೇಡಿ, ಟೇಪ್ ಅಂಟಿಸಬೇಡಿ. ಮ್ಯೂಸಿಯಂಗಳಲ್ಲಿ ಪ್ಯಾರಾಲಾಯ್ಡ್ ಬಿ-72 ಎಂಬ ಪಾರದರ್ಶಕ ಲೇಪ ಬಳಸುತ್ತಾರೆ. ಮೊದಲು ಅದನ್ನು ಪೀಠದ ಹಿಂಭಾಗದಲ್ಲಿ ಬೆರಳುಗುರಿನಷ್ಟು ಹಚ್ಚಿ, ಒಣಗಿದ ಮೇಲೆ ಶಾಯಿಯಲ್ಲಿ ನಂಬರ್ ಬರೆದು, ಮೇಲೆ ಇನ್ನೊಂದು ಪದರ ಹಚ್ಚುತ್ತಾರೆ. ಬೇಡವಾದರೆ ಅಸಿಟೋನಿನಲ್ಲಿ ತೆಗೆಯಬಹುದು. ಅಷ್ಟು ಬೇಡ ಎನ್ನುವವರು ಹತ್ತಿದಾರದಲ್ಲಿ ಚೀಟಿ ಕಟ್ಟಿ.

ಮನೆಯಿಂದ ಹೊರಗಿರುವ ಕೃತಿಗಳಿಗೆ ಬೇರೆ ಪಟ್ಟಿ ಮಾಡಿ. ಕೊಂಡವರು, ದೇವಸ್ಥಾನ, ಕಚೇರಿ, ವೃತ್ತ, ಶಾಲೆ. ಫೋಟೊ ಇಲ್ಲದ ಶಿಲ್ಪ ಕಳೆದುಹೋದರೆ ಪೂರ್ತಿ ಕಳೆದುಹೋಯಿತು ಎಂದೇ ಲೆಕ್ಕ. ಸೋಮನಾಥ ಹೋರ್ ವಿಯೆಟ್ನಾಂ ಜನರ ನೆನಪಿಗೆ ಮಾಡಿದ ತಾಯಿ-ಮಗುವಿನ ದೊಡ್ಡ ಕಂಚು 1977ರಲ್ಲಿ ಶಾಂತಿನಿಕೇತನದ ಕಲಾಭವನದಿಂದಲೇ ಕಳುವಾಯಿತು. ಮತ್ತೆ ಸಿಗಲೇ ಇಲ್ಲ.

ಇನ್ನೊಂದು ಮಾತು. ಶಿಲ್ಪಿಗಳ ಮನೆಯಲ್ಲಿ ಅಭ್ಯಾಸಕ್ಕೆಂದು ತಂದಿಟ್ಟ ಹಳೇ ವೀರಗಲ್ಲಿನ ತುಂಡೋ ಮುರಿದ ವಿಗ್ರಹವೋ ಇರುತ್ತದೆ. 100 ವರ್ಷ ದಾಟಿದ ಶಿಲ್ಪ 1972ರ ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಅದನ್ನು ಅಪ್ಪನ ಕೃತಿಗಳ ಜೊತೆ ಸೇರಿಸದೆ ಬೇರೆ ಇಡಿ, ನೋಂದಣಿ ಮಾಡಿಸಿ.

3. ಕಾಗದ, ಮತ್ತು ನೆನಪಿರುವ ಜನ

ಸ್ಕೆಚ್ ಪುಸ್ತಕ, ಪತ್ರ, ಕಲ್ಲು ಕೊಂಡ ಬಿಲ್, ಆಹ್ವಾನ ಪತ್ರಿಕೆ, ನೆಗೆಟಿವ್, ಕ್ಯಾಸೆಟ್ ಯಾವುದನ್ನೂ ರದ್ದಿಗೆ ಹಾಕಬೇಡಿ. ಕಲ್ಲಿನ ಬಿಲ್ ಒಂದರಿಂದಲೇ ನಮಗೆ ಮೂರು ಶಿಲ್ಪಗಳ ವರ್ಷ ಗೊತ್ತಾಯಿತು. ಪತ್ರಿಕೆಯ ತುಣುಕುಗಳ ಕಾಗದದಲ್ಲಿ ಆಮ್ಲ ಇರುತ್ತದೆ. ಸ್ಕೆಚ್‌ಗಳ ನಡುವೆ ಇಟ್ಟರೆ ಅದರ ಕಂದು ಬಣ್ಣ ಸ್ಕೆಚ್ಚಿಗೂ ಇಳಿಯುತ್ತದೆ, ಬೇರೆ ಇಡಿ. ಲ್ಯಾಮಿನೇಷನ್ ಮಾಡಿಸಲೇಬೇಡಿ. ಸ್ಕ್ಯಾನ್ ಮಾಡುವಾಗ ಪತ್ರಗಳಿಗೆ 300 ಡಿಪಿಐ ಸಾಕು, ಸ್ಕೆಚ್ ಮತ್ತು ಫೋಟೊಗಳಿಗೆ 600 ಇರಲಿ. ಮೂರು ಪ್ರತಿ ಇಟ್ಟುಕೊಳ್ಳಿ. ಅದರಲ್ಲಿ ಒಂದು ಬೇರೆ ಊರಿನಲ್ಲಿರುವವರ ಮನೆಯಲ್ಲಿರಲಿ.

ಕಾಗದ ಕಾಯುತ್ತದೆ. ಜನ ಕಾಯುವುದಿಲ್ಲ. ಅಪ್ಪನ ಜೊತೆ ಕಲ್ಲು ಸೀಳುತ್ತಿದ್ದವರು, ಎರಕ ಹೊಯ್ಯುತ್ತಿದ್ದವರು, ಪಾಲಿಶ್ ಮಾಡುತ್ತಿದ್ದವರಿಗೂ ವಯಸ್ಸಾಗಿರುತ್ತದೆ. ಮೊದಲ ವರ್ಷದಲ್ಲೇ ಅವರ ಮನೆಗೆ ಹೋಗಿ. ಫೋಟೊಗಳನ್ನು ಕೈಗೆ ಕೊಟ್ಟು, ಮೊಬೈಲಿನಲ್ಲಿ ರೆಕಾರ್ಡ್ ಹಚ್ಚಿ, 'ಇದನ್ನು ಮಾಡುವಾಗ ಏನಾಯಿತು?' ಎಂದು ಮಾತ್ರ ಕೇಳಿ. ಅಪ್ಪನಿಗೆ ಎರಕ ಹೊಯ್ದುಕೊಡುತ್ತಿದ್ದ ಹಿರಿಯರೊಬ್ಬರು ಒಂದು ಕಂಚಿನ ಫೋಟೊ ನೋಡಿದ ಕೂಡಲೇ, ಮೊದಲ ಎರಕ ಕೆಟ್ಟಿತ್ತು, ಇದು ಎರಡನೆಯದು ಎಂದರು. ಆ ಕೆಟ್ಟ ಎರಕ ಅವರ ಅಟ್ಟದಲ್ಲೇ ಇತ್ತು!

4. ಹಕ್ಕು ಯಾರದು?

ಶಿಲ್ಪ ಒಂದು ಆಸ್ತಿ, ಅದರ ಹಕ್ಕುಸ್ವಾಮ್ಯ ಇನ್ನೊಂದು ಆಸ್ತಿ. ಯಾರೋ ಶಿಲ್ಪ ಕೊಂಡರು ಎಂದ ಮಾತ್ರಕ್ಕೆ ಅದರ ನಕಲು ಮಾಡಿ ಮಾರುವ ಹಕ್ಕು ಅವರಿಗೆ ಹೋಗುವುದಿಲ್ಲ. ಬರವಣಿಗೆಯಲ್ಲಿ ಕೊಟ್ಟಿದ್ದರೆ ಮಾತ್ರ ಹೋಗುತ್ತದೆ. ಉಯಿಲು ಇಲ್ಲದಿದ್ದರೆ ಈ ಹಕ್ಕು ವಾರಸುದಾರರೆಲ್ಲರಿಗೂ ಸೇರಿದ್ದು. ಒಬ್ಬರೇ ತೀರ್ಮಾನ ಮಾಡುವ ಹಾಗಿಲ್ಲ. ಪತ್ರ ಬರೆಯಲು, ಅನುಮತಿ ಕೊಡಲು ಯಾರು ಮುಂದೆ ನಿಲ್ಲುತ್ತಾರೆ ಎಂದು ಎಲ್ಲರೂ ಕೂತು ಮಾತಾಡಿ, ಒಂದು ಕಾಗದದಲ್ಲಿ ಸಹಿ ಹಾಕಿ. ಮನಸ್ತಾಪ ಬರುವ ಮುಂಚೆ ಮಾಡಿದರೆ ಅರ್ಧ ಗಂಟೆಯ ಕೆಲಸ.

ಭಾರತದಲ್ಲಿ ಹಕ್ಕುಸ್ವಾಮ್ಯ ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಎಣಿಕೆ ಮುಂದಿನ ಜನವರಿಯಿಂದ. ನಮ್ಮ ಕೆ. ವೆಂಕಟಪ್ಪನವರು 1965ರಲ್ಲಿ ತೀರಿಕೊಂಡರು. ಅವರ ಚಿತ್ರಗಳ, ಪ್ಲಾಸ್ಟರ್ ಉಬ್ಬುಶಿಲ್ಪಗಳ ಹಕ್ಕುಸ್ವಾಮ್ಯ 2025ರ ಡಿಸೆಂಬರ್ 31ರವರೆಗೆ. ನಿಮ್ಮವರ ಲೆಕ್ಕವನ್ನೂ ಹೀಗೇ ಹಾಕಿಕೊಳ್ಳಿ. ನೋಂದಣಿ ಮಾಡಿಸದಿದ್ದರೂ ಹಕ್ಕು ಇರುತ್ತದೆ. ಆದರೆ ರಸ್ತೆಯಲ್ಲೋ ಉದ್ಯಾನದಲ್ಲೋ ಕಾಯಂ ಆಗಿ ನಿಂತ ಶಿಲ್ಪದ ಫೋಟೊ ಯಾರು ಬೇಕಾದರೂ ತೆಗೆಯಬಹುದು. ಅದಕ್ಕೆ ಜಗಳ ಮಾಡಬೇಡಿ. ಮೂಲ ಶಿಲ್ಪ 10,000 ರೂಪಾಯಿ ಮೀರಿ ಮರುಮಾರಾಟವಾದರೆ, ಶೇ 10 ಮೀರದ ಹಾಗೆ ಪಾಲು ಕೇಳುವ ಹಕ್ಕನ್ನು ಕಾನೂನು ವಾರಸುದಾರರಿಗೂ ಕೊಟ್ಟಿದೆ.

ನನಗೆ ಮುಖ್ಯ ಅನ್ನಿಸುವುದು ಹಕ್ಕುಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್. ಕೃತಿಯನ್ನು ವಿರೂಪಗೊಳಿಸಿ ಕಲಾವಿದರ ಗೌರವಕ್ಕೆ ಧಕ್ಕೆ ತಂದರೆ ಅವರ ವಾರಸುದಾರರೂ ಕೇಳಬಹುದು. ದೆಹಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಳಚಿ ಗೋದಾಮಿಗೆ ಹಾಕಿದ್ದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್, ಉಳಿದ ಭಾಗಗಳನ್ನು ವಾಪಸ್ ಕೊಡಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು.

ನಮಗೂ ಒಂದು ಕಹಿ ಆಯಿತು. ಒಂದು ಊರಿನ ಉದ್ಯಾನದಲ್ಲಿ ಅಪ್ಪ ಮಾಡಿದ ರೈತ ಮಹಿಳೆಯ ಸಿಮೆಂಟ್ ಶಿಲ್ಪ ಇದೆ. ರಾಜ್ಯೋತ್ಸವದ ಹಿಂದಿನ ವಾರ ಅದಕ್ಕೆ ಬೆಳ್ಳಿ ಬಣ್ಣದ ಎನಾಮಲ್ ಬಳಿದರು. ಮುಖದ ಸುಕ್ಕುಗಳೆಲ್ಲ ಬಣ್ಣದಲ್ಲಿ ಮುಚ್ಚಿಹೋದವು. ಅಮ್ಮ ಫೋಟೊ ನೋಡಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾವು ಹಳೇ ಫೋಟೊ, ಹೊಸ ಫೋಟೊ ಎರಡನ್ನೂ ಸೇರಿಸಿ ಪತ್ರ ಕೊಟ್ಟೆವು. ಆ ಬಣ್ಣ ಇನ್ನೂ ಇದೆ. ಆದರೆ ಮತ್ತೆ ಬಳಿದಿಲ್ಲ. ಈಗ ಹೊರಗಿನ ಪ್ರತಿಯೊಂದು ಶಿಲ್ಪ ಇರುವ ಕಡೆಗೂ ಮೊದಲೇ ಒಂದು ಪುಟದ ಪತ್ರ ಕೊಟ್ಟಿದ್ದೇವೆ: ಇದನ್ನು ಮಾಡಿದವರು ಯಾರು, ಹೇಗೆ ತೊಳೆಯಬೇಕು, ಬಣ್ಣ ಯಾಕೆ ಬೇಡ, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು.

5. ಕಲ್ಲು, ಕಂಚು, ಮರ: ಮುಟ್ಟುವ ಮುಂಚೆ

ಎಲ್ಲಕ್ಕೂ ಒಂದೇ ಆಯುಧ: ಮೇಕೆ ಕೂದಲಿನ ಮೆತ್ತಗಿನ ಬ್ರಶ್. ಮೇಲಿನಿಂದ ಕೆಳಗೆ, ಒತ್ತದೆ. ಗರಿಯ ಪೊರಕೆ ಬೇಡ, ಗರಿಯ ಎಳೆ ಬಿರುಕಿಗೆ ಸಿಕ್ಕಿ ಚಕ್ಕೆ ಏಳುತ್ತದೆ.

ಬಳಪದ ಕಲ್ಲು ಉಗುರಿಗೂ ಗೀರು ಬೀಳುವಷ್ಟು ಮೆತ್ತಗಿರಬಹುದು. ಕಪ್ಪಾಗಿ ಹೊಳೆಯಲಿ ಎಂದು ಎಣ್ಣೆ ಹಚ್ಚುವ ರೂಢಿ ನಮ್ಮಲ್ಲಿದೆ. ದೇವರ ವಿಗ್ರಹಕ್ಕೆ ಅದು ಸರಿ, ಅಲ್ಲಿ ದಿನಾ ಅಭಿಷೇಕ ಇರುತ್ತದೆ. ಮನೆಯ ಶಿಲ್ಪಕ್ಕೆ ಹಚ್ಚಿದರೆ ಎಣ್ಣೆ ಅಂಟಾಗಿ ಧೂಳು ಹಿಡಿದು ಕೆತ್ತನೆ ತುಂಬಿಹೋಗುತ್ತದೆ. ಗ್ರಾನೈಟ್ ಹೊರಗಿದ್ದು ಪಾಚಿ ಕಟ್ಟಿದ್ದರೆ ನೀರು, ನೈಲಾನ್ ಬ್ರಶ್ ಸಾಕು. ಆಸಿಡ್, ತಂತಿ ಬ್ರಶ್, ಜೋರಾಗಿ ನೀರು ಹಾರಿಸುವ ಯಂತ್ರ ಬೇಡ. ನೇರವಾಗಿ ಮಣ್ಣಿನ ಮೇಲೆ ನಿಲ್ಲಿಸಬೇಡಿ. ಕೆಳಗಿನಿಂದ ತೇವದ ಜೊತೆ ಉಪ್ಪು ಏರುತ್ತದೆ.

ಕಂಚಿನ ವಿಷಯದಲ್ಲಿ ನಮ್ಮ ಹೆಂಗಸರು ಗಂಡಸರು ಎಲ್ಲರೂ ಮಾಡುವ ತಪ್ಪು ಒಂದೇ: ಹುಣಸೆಹಣ್ಣು. ಪೂಜೆಯ ಪಾತ್ರೆ ಬೆಳಗಿದ ಹಾಗೆ ಬೆಳಗಿಬಿಡುತ್ತಾರೆ. ಕಂಚಿನ ಮೇಲಿನ ಕಂದು ಅಥವಾ ಹಸಿರು ಬಣ್ಣ ಕೊಳೆಯಲ್ಲ. ಶಿಲ್ಪಿ ಬೆಂಕಿ, ರಾಸಾಯನಿಕ ಹಿಡಿದು ದಿನಗಟ್ಟಲೆ ಕೂತು ತಂದ ಬಣ್ಣ ಅದು. ಒಮ್ಮೆ ಬೆಳಗಿದರೆ ಮುಗಿಯಿತು. ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಉಪ್ಪು ಬೆರಳಚ್ಚಾಗಿ ಉಳಿಯುತ್ತದೆ, ಕೈಗವಸು ಹಾಕಿ. ಹೊರಗಿರುವ ಕಂಚಿಗೆ ಮಳೆಗಾಲದ ಮುಂಚೆ ವರ್ಷಕ್ಕೊಮ್ಮೆ ತೆಳುವಾಗಿ ಮೇಣ ಹಚ್ಚಿ. ತಿಳಿ ಹಸಿರು ಪುಡಿ ಚುಕ್ಕಿ ಚುಕ್ಕಿಯಾಗಿ ಏಳುತ್ತಿದ್ದು, ಒರೆಸಿದರೂ ಮತ್ತೆ ಬರುತ್ತಿದ್ದರೆ ಅದು ಕಂಚಿನ ರೋಗ. ಅದನ್ನು ಬೇರೆ ಇಟ್ಟು, ಒಣ ಜಾಗದಲ್ಲಿ ಸಿಲಿಕಾ ಜೆಲ್ ಜೊತೆ ಮುಚ್ಚಿ, ತಜ್ಞರಿಗೆ ತೋರಿಸಿ.

ಪ್ಲಾಸ್ಟರ್ ನೀರಿಗೆ ಕರಗುತ್ತದೆ. ಒದ್ದೆ ಬಟ್ಟೆ ಅದರ ಶತ್ರು. ಸಿಮೆಂಟಿನ ಒಳಗೆ ಕಬ್ಬಿಣದ ಸರಳು ಇರುತ್ತದೆ. ನೀರು ಇಳಿದರೆ ತುಕ್ಕು ಉಬ್ಬಿ ಹೊರಗಿನ ಸಿಮೆಂಟನ್ನೇ ಸೀಳುತ್ತದೆ. ಕೂದಲೆಳೆ ಬಿರುಕು, ಕಂದು ಕಲೆ ಕಂಡಾಗಲೇ ಎಚ್ಚರವಾಗಿ. ಮರದ ಶಿಲ್ಪದ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಒಳಗೆ ಹುಳು ಇದೆ. ಸೀಮೆಎಣ್ಣೆ ಸುರಿಯಬೇಡಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಉಳಿದ ಮರದ ಕೃತಿಗಳಿಂದ ದೂರ ಇಟ್ಟು ಫೋನ್ ಮಾಡಿ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆ ಕಾಯುವ ಸಂಸ್ಥೆಯಾದ ಇಂಟ್ಯಾಕ್‌ನ ಸಂರಕ್ಷಣಾ ಕೇಂದ್ರ ಇದೆ. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಇದೆ.

ಒಡೆದ ತುಂಡನ್ನು ಫೆವಿಕ್ವಿಕ್ ಹಾಕಿ ಅಂಟಿಸಬೇಡಿ. ಹತ್ತಿಯಲ್ಲಿ ಸುತ್ತಿ, ಡಬ್ಬಿಯಲ್ಲಿ ಹಾಕಿ, ಮೇಲೆ ನಂಬರ್ ಬರೆದಿಡಿ. ಕಾಯುವುದರಿಂದ ಏನೂ ನಷ್ಟವಿಲ್ಲ.

6. ಎತ್ತುವುದು, ಇಡುವುದು

ಮೊದಲು ತೂಕ ಲೆಕ್ಕ ಹಾಕಿ. ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕೆ.ಜಿ. ಟೊಳ್ಳಿಲ್ಲದ ಕಂಚಾದರೆ ಸುಮಾರು 250. ನಮ್ಮ ಮನೆಗಳ ಮಹಡಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕೆ.ಜಿ. ಲೆಕ್ಕದಲ್ಲಿ ಕಟ್ಟುತ್ತಾರೆ. ಭಾರದ ಕಲ್ಲು ನೆಲಮಹಡಿಯಲ್ಲೇ ಇರಲಿ. ಮೇಲೆ ಬೇಕೇ ಬೇಕೆಂದರೆ ಎಂಜಿನಿಯರ್ ಒಬ್ಬರನ್ನು ಕೇಳಿ.

ಎತ್ತುವಾಗ ಯಾವತ್ತೂ ಪೀಠ ಹಿಡಿದೇ ಎತ್ತಿ. ತೋಳು, ಕುತ್ತಿಗೆ ಹಿಡಿಯಬೇಡಿ. ಉಂಗುರ, ಬಳೆ, ವಾಚ್ ತೆಗೆದಿಡಿ. ಹೋಗುವ ದಾರಿ, ಇಡುವ ಜಾಗ ಎರಡೂ ಮೊದಲೇ ಖಾಲಿ ಇರಲಿ.

7. ಶಿಲ್ಪದ ಜೊತೆ ಬದುಕುವುದು

ಎಲ್ಲವನ್ನೂ ಬಟ್ಟೆ ಸುತ್ತಿ ಕೋಣೆಯಲ್ಲಿಟ್ಟು ಬೀಗ ಹಾಕಿದ ಮನೆಗಳನ್ನು ನೋಡಿದ್ದೇನೆ. ನನಗೆ ಅದು ಸರಿ ಕಾಣುವುದಿಲ್ಲ. ನೋಡುವವರಿಲ್ಲದ ಕೋಣೆಯಲ್ಲಿ ಹುಳು ಬಂದರೂ ತೇವ ಬಂದರೂ ಗೊತ್ತಾಗುವುದಿಲ್ಲ. ಹಾಗೆಂದು ಮೂವತ್ತು ಶಿಲ್ಪವನ್ನು ಹಾಲಿನಲ್ಲಿ ಜೋಡಿಸಿದರೆ ಅದು ಮನೆಯೂ ಅಲ್ಲ, ಮ್ಯೂಸಿಯಮ್ಮೂ ಅಲ್ಲ. ನಾವು ಒಂದು ಸಲಕ್ಕೆ ಐದು ಮಾತ್ರ ಇಡುತ್ತೇವೆ. ವರ್ಷಕ್ಕೆ ಎರಡು ಸಲ ಬದಲಾಯಿಸುತ್ತೇವೆ. ಉಳಿದವು ಕಪಾಟಿನಲ್ಲಿ, ನೆಲದಿಂದ ಮೇಲೆ.

ಜಾಗ ಆರಿಸುವಾಗ ಶಿಲ್ಪಿ ಕೆಲಸ ಮಾಡಿದ ಬೆಳಕನ್ನು ನೆನಪಿಡಿ. ಅಪ್ಪನ ಶೆಡ್ಡಿನ ಕಿಟಕಿ ಅವರ ಎಡಕ್ಕಿತ್ತು. ಅವರ ತಲೆಶಿಲ್ಪಗಳನ್ನು ಎಡಗಡೆಯಿಂದ ಬೆಳಕು ಬೀಳುವಲ್ಲಿ ಇಟ್ಟಾಗ ಮುಖಕ್ಕೆ ಜೀವ ಬರುತ್ತದೆ. ನೆತ್ತಿಯ ಮೇಲೆ ಟ್ಯೂಬ್‌ಲೈಟ್ ಇದ್ದರೆ ಕಣ್ಣುಗಳು ಗುಳಿಬೀಳುತ್ತವೆ. ಎತ್ತರವೂ ಹಾಗೇ, ಅವರು ಕೂತು ಕೆತ್ತಿದ್ದರೆ ಕೂತಾಗ ಕಾಣುವ ಎತ್ತರಕ್ಕೆ ಇಡಿ. ಗೋಡೆಯಿಂದ ನಾಲ್ಕು ಬೆರಳಾದರೂ ದೂರ ಇರಲಿ, ಗಾಳಿಯಾಡಬೇಕು. ಬಚ್ಚಲಿನ ಗೋಡೆ ಬೇಡ. ಎಸಿಯ ಗಾಳಿಗೆ ಮರ ಸೀಳುತ್ತದೆ. ಪೀಠ ಅಗಲವಾಗಿರಲಿ. ಮಗು ಹಿಡಿದು ನಿಲ್ಲುವ ಪ್ರಯತ್ನ ಮಾಡಿದರೂ ಅಲುಗಾಡಬಾರದು.

ಹೂವು, ಕುಂಕುಮದ ಪ್ರಶ್ನೆ ನಮ್ಮ ಮನೆಗಳಲ್ಲಿ ಬರಲೇಬೇಕು. ಅಪ್ಪ ಮಾಡಿದ ಪುಟ್ಟ ಸರಸ್ವತಿಗೆ ಅಮ್ಮ ದಿನಾ ದಾಸವಾಳ ಇಡುತ್ತಿದ್ದರು. ಆರು ತಿಂಗಳಲ್ಲಿ ತಿಳಿ ಬಣ್ಣದ ಕಲ್ಲಿನ ಮೇಲೆ ನೇರಳೆ ಕಲೆ ಕೂತಿತು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ, ಅದು ಅವರ ದಿನದ ಮೊದಲ ಮಾತು. ಕೊನೆಗೆ ಶಿಲ್ಪದ ಮುಂದೆ ಒಂದು ಹಿತ್ತಾಳೆ ತಟ್ಟೆ ಇಟ್ಟೆವು. ಹೂವು ತಟ್ಟೆಗೆ, ದೀಪ ಒಂದು ಮಾರು ದೂರ. ಪೂಜೆಗೆ ಒಂದು ಶಿಲ್ಪ ಎಂದು ಮನೆಯವರೇ ಕೂತು ಒಪ್ಪಿಕೊಂಡೆವು. ಉಳಿದವಕ್ಕೆ ಬ್ರಶ್ ಮಾತ್ರ.

ಮಕ್ಕಳಿಗೆ 'ಮುಟ್ಟಬೇಡ' ಎಂದಷ್ಟೇ ಹೇಳಿ ಬೆಳೆಸಬೇಡಿ. ಒಂದು ಗಟ್ಟಿ ಗ್ರಾನೈಟ್ ಕೃತಿಯನ್ನು ಅವರಿಗೆಂದೇ ಬಿಡಿ. ಕೈ ತೊಳೆದು ಬಂದು ಸವರಲಿ. ಒರಟು ಎಲ್ಲಿ, ನುಣುಪು ಎಲ್ಲಿ ಎಂದು ಕಣ್ಣು ಮುಚ್ಚಿ ಹೇಳಲಿ.

8. ಅಚ್ಚುಗಳು

ಶಿಲ್ಪಿ ಹೋದ ಮೇಲೆ ಅಚ್ಚುಗಳು ಉಳಿಯುತ್ತವೆ. ಯಾರಾದರೂ ಬಂದು, ಇನ್ನೂ ಹತ್ತು ಎರಕ ತೆಗೆದು ಮಾರೋಣ ಎನ್ನುತ್ತಾರೆ. ದುಡ್ಡಿನ ತೊಂದರೆ ಇದ್ದಾಗ ಬೇಡ ಎನ್ನುವುದು ಕಷ್ಟ, ನನಗೂ ಗೊತ್ತು. ಫ್ರಾನ್ಸಿನ ಕಲಾವಿದ ಡೆಗಾ 1917ರಲ್ಲಿ ತೀರಿಕೊಂಡ ಮೇಲೆ ಅವರ ಮೇಣದ ಆಕೃತಿಗಳಿಂದ ಕಂಚು ಎರಕ ಹೊಯ್ದರು. ಅವುಗಳನ್ನು ಯಾವ ಮಟ್ಟಿಗೆ ಡೆಗಾ ಕೃತಿ ಎನ್ನಬಹುದು ಎಂಬ ವಾದ ಇವತ್ತಿಗೂ ನಿಂತಿಲ್ಲ. ಫ್ರಾನ್ಸಿನಲ್ಲಿ ಮೂಲ ಎರಕ ಎಂದು ಕರೆಯಬಹುದಾದದ್ದು 12ಕ್ಕೆ ಸೀಮಿತ. ಶಿಲ್ಪಿ ಒಂದು ಅಚ್ಚಿಗೆ 6 ಎರಕ ಎಂದು ಬರೆದು 4 ಮಾಡಿ ಹೋಗಿದ್ದರೆ ಉಳಿದ ಎರಡನ್ನು ಮಾಡಿಸಬಹುದು. ಆದರೆ ಅವರು ಹೋದ ಮೇಲೆ ಎರೆದದ್ದು ಎಂದು ವರ್ಷದ ಸಮೇತ ಕಂಚಿನ ಮೇಲೆಯೇ ಬರೆಸಿ. ಅವರು ಏನೂ ಹೇಳದೆ ಹೋಗಿದ್ದರೆ ಮಾಡಿಸಬೇಡಿ. ನನ್ನ ಮಾತು ಇಷ್ಟೇ.

9. ಕೊಡುವುದು, ಕಳಿಸುವುದು

ಎಲ್ಲವನ್ನೂ ಒಂದೇ ಮನೆ ಹೊರಲಾರದು. ಸಂಸ್ಥೆಗೆ ಕೊಡುವ ಮುಂಚೆ ಪಟ್ಟಿ ಹಿಡಿದು ಹೋಗಿ. ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ, ಚಿತ್ರಕಲಾ ಪರಿಷತ್, ಕರ್ನಾಟಕ ಶಿಲ್ಪಕಲಾ ಅಕಾಡೆಮಿ ಎಲ್ಲವನ್ನೂ ಕೇಳಿ ನೋಡಬಹುದು. ಕೊಟ್ಟದ್ದಕ್ಕೆ ಬರವಣಿಗೆ ಇರಲಿ: ಹೆಸರು ಹೇಗೆ ಬರೆಯುತ್ತಾರೆ, ಎಲ್ಲಿ ಇಡುತ್ತಾರೆ, ಮಾರಬಹುದೇ, ಬೇಡವಾದರೆ ವಾಪಸ್ ಬರುತ್ತದೆಯೇ. ಒಳ್ಳೆಯ ಹತ್ತು ಕೃತಿಗಳನ್ನು ಒಟ್ಟಿಗೆ ಕೊಡಿ. ಹತ್ತು ಕಡೆ ಒಂದೊಂದು ಹಂಚಿದರೆ ಶಿಲ್ಪಿಯ ಬೆಳವಣಿಗೆ ಯಾರಿಗೂ ಕಾಣುವುದಿಲ್ಲ. ಮೊದಲ ದಿನಗಳ ಒಂದು ಸಾಧಾರಣ ಕೆಲಸವನ್ನೂ ಅದರಲ್ಲಿ ಸೇರಿಸಿ.

ಅಮೆರಿಕದಲ್ಲೋ ದುಬೈಯಲ್ಲೋ ಇರುವ ಮಕ್ಕಳು ಒಂದು ಶಿಲ್ಪ ಒಯ್ಯಬೇಕೆಂದರೆ, ಇದು ಪ್ರಾಚ್ಯವಸ್ತು ಅಲ್ಲ ಎಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಇಲಾಖೆಯಿಂದ ಮೊದಲೇ ಪಡೆಯಿರಿ. ಕಲ್ಲಿನ ವಿಗ್ರಹ ಕಂಡರೆ ಕಸ್ಟಮ್ಸ್‌ನವರು ಕೇಳುತ್ತಾರೆ.

10. ವರ್ಷಕ್ಕೊಂದು ದಿನ

ನಾವು ಆಯುಧಪೂಜೆಯ ದಿನವನ್ನೇ ಇಟ್ಟುಕೊಂಡಿದ್ದೇವೆ. ಅವತ್ತು ಹೇಗೂ ಅಪ್ಪನ ಉಳಿ, ಚಾಣ, ಸುತ್ತಿಗೆ ಹೊರಗೆ ಬರುತ್ತವೆ. ಕಬ್ಬಿಣಕ್ಕೆ ತೆಳುವಾಗಿ ಮೆಷಿನ್ ಎಣ್ಣೆ ಹಚ್ಚುತ್ತೇವೆ. ಮರದ ಹಿಡಿಗಳನ್ನು ಮಾತ್ರ ಮುಟ್ಟುವುದಿಲ್ಲ, ಅವರ ಕೈ ಸವೆಸಿದ ಗುಳಿ ಅಲ್ಲಿದೆ. ಆಮೇಲೆ ನೋಟ್‌ಬುಕ್ ಹಿಡಿದು ಒಂದರಿಂದ ಶುರು ಮಾಡಿ ಪ್ರತಿಯೊಂದನ್ನೂ ಹಳೇ ಫೋಟೊ ಜೊತೆ ಹೋಲಿಸಿ ನೋಡುತ್ತೇವೆ. ಹೊಸ ಬಿರುಕು, ಹೊಸ ಕಲೆ ಇದ್ದರೆ ತಾರೀಕು ಹಾಕಿ ಬರೆಯುತ್ತೇವೆ.

ಹೋದ ಸಲ 27ನೇ ನಂಬರಿಗೆ ಬರುವ ಹೊತ್ತಿಗೆ ಕತ್ತಲಾಗಿತ್ತು. ಮಗಳು ಟಾರ್ಚ್ ಓರೆ ಹಿಡಿದು ನೋಡುತ್ತಿದ್ದವಳು ಕರೆದಳು. ಬಲಗೈ ಬರಬೇಕಿದ್ದ ಜಾಗದಲ್ಲಿ, ಮೊಣಕೈಯ ಹತ್ತಿರ, ಉಳಿ ಬಿಟ್ಟ ಒಂದು ಸಣ್ಣ ಗೀರಿನ ಒಳಗೆ ಜಾಜು ಉಳಿದಿತ್ತು. ಅರ್ಧ ಇಂಚು ಕೆಂಪು. ಮೇಲಕ್ಕೆ ತಿರುಗಿತ್ತು. ಅಳತೆ ತೆಗೆದು, ಫೋಟೊ ತೆಗೆದು, ಪುಟದಲ್ಲಿ ಬರೆದುಕೊಂಡೆವು.